ದೊಡ್ಡ ಪತ್ರಿಕೆಯ ಡೆಸ್ಕ್‌ಗೆ ಸೇರುವ ಮೊದಲು

ಪ್ರಶ್ನೆ: ಸಣ್ಣ ಪತ್ರಿಕೆಯೊಂದರಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ವರದಿ ಬರೆಯುವುದು, ತಿದ್ದುವುದು, ಪುಟ ಕಟ್ಟುವುದು ಎಲ್ಲವೂ ನಾನೇ. ಈಗ ದೊಡ್ಡ ದಿನಪತ್ರಿಕೆಯೊಂದರಿಂದ ಉಪಸಂಪಾದಕನ ಕೆಲಸಕ್ಕೆ ಕರೆ ಬಂದಿದೆ, ಡೆಸ್ಕ್‌ನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟ ಸಿದ್ಧಪಡಿಸುವ ವಿಭಾಗದಲ್ಲಿ, ರಾತ್ರಿ ಪಾಳಿ. ಅಲ್ಲಿ ಕೆಲಸ ನಿಜಕ್ಕೂ ಹೇಗಿರುತ್ತದೆ? ಹೊಸಬರು ಎಲ್ಲಿ ಎಡವುತ್ತಾರೆ? ಒಪ್ಪಿಕೊಳ್ಳುವ ಮೊದಲು ಏನೇನು ಕೇಳಿಕೊಳ್ಳಬೇಕು?

ಉತ್ತರ: ನಿಮಗೆ ಗೊತ್ತಿರುವ ಕೆಲಸವೇ ಅಲ್ಲೂ ಇರುವುದು. ಬದಲಾಗುವುದು ಗಡಿಯಾರ ಮತ್ತು ಕೈಗಳ ಸಂಖ್ಯೆ. ಸಣ್ಣ ಪತ್ರಿಕೆಯಲ್ಲಿ ಪುಟ ಹತ್ತು ನಿಮಿಷ ತಡವಾದರೆ ಪ್ರೆಸ್‌ನವರು ಗೊಣಗಿ ಸುಮ್ಮನಾಗುತ್ತಾರೆ. ದೊಡ್ಡದರಲ್ಲಿ ಆ ಹತ್ತು ನಿಮಿಷಕ್ಕೆ ವ್ಯಾನ್ ಹೊರಡುವುದು ತಡವಾಗಿ, ಬೆಳಿಗ್ಗೆ ಯಾವುದೋ ಊರಿನ ಏಜೆಂಟರ ಫೋನು ಬರುತ್ತದೆ. ಇನ್ನು ಕೈಗಳ ವಿಷಯ. ವರದಿಗಾರ ಬರೆದದ್ದನ್ನು ಮುಖ್ಯ ವರದಿಗಾರರು ನೋಡುತ್ತಾರೆ, ನೀವು ತಿದ್ದುತ್ತೀರಿ, ಮುಖ್ಯ ಉಪಸಂಪಾದಕರು ಕಣ್ಣಾಡಿಸುತ್ತಾರೆ, ವಿನ್ಯಾಸದವರು ಪುಟಕ್ಕೆ ಕೂಡಿಸುತ್ತಾರೆ, ಪ್ರೂಫ್ (ತಪ್ಪು ನೋಡಲು ತೆಗೆದ ಪುಟದ ಕರಡು ಪ್ರತಿ) ಯಾರೋ ಓದುತ್ತಾರೆ, ಪಾಳಿಯ ಹೊಣೆ ಹೊತ್ತವರು ಪುಟ ಬಿಡುತ್ತಾರೆ. ಆರೇಳು ಜನ ನೋಡಿದ ಮೇಲೂ ತಪ್ಪು ಅಚ್ಚಾಗುತ್ತದೆ, ಏಕೆಂದರೆ ಪ್ರತಿಯೊಬ್ಬರೂ ‘ಹಿಂದಿನವರು ನೋಡಿರುತ್ತಾರೆ’ ಅಂದುಕೊಂಡಿರುತ್ತಾರೆ. ಒಬ್ಬರೇ ಎಲ್ಲ ಮಾಡಿ ಅಭ್ಯಾಸವಿರುವ ನಿಮಗೆ ಇಲ್ಲೊಂದು ಅನುಕೂಲವಿದೆ: ಕೊನೆಯವನು ನಾನೇ ಎಂಬಂತೆ ಓದುವುದು ನಿಮಗೆ ರೂಢಿಯಾಗಿಬಿಟ್ಟಿದೆ. ಆ ರೂಢಿ ಬಿಡಬೇಡಿ.

ಮೊದಲು ಗಡಿಯಾರ. ಅದನ್ನು ಕೊನೆಯಿಂದ ಮೊದಲಿಗೆ ಓದಬೇಕು. ಒಂದು ಲೆಕ್ಕ ಹಾಕಿ ನೋಡೋಣ. ದೂರದ ಊರುಗಳಿಗೆ ಹೋಗುವ ಮೊದಲ ಆವೃತ್ತಿ (ಡಾಕ್ ಎಡಿಷನ್ ಎಂಬ ಹಳೆಯ ಹೆಸರು ಡೆಸ್ಕ್‌ಗಳಲ್ಲಿ ಇನ್ನೂ ಉಳಿದಿದೆ) 60,000 ಪ್ರತಿ ಅನ್ನಿ. ಕೊನೆಯ ವ್ಯಾನ್ 1.30ಕ್ಕೆ ಹೊರಡಬೇಕು. ಕಟ್ಟು ಕಟ್ಟಿ ತುಂಬಲು 20 ನಿಮಿಷ. ಯಂತ್ರದ ಗರಿಷ್ಠ ವೇಗ ಎಷ್ಟೇ ಇರಲಿ, ರೀಲ್ ಬದಲಾಯಿಸುವುದು, ಕಾಗದ ಹರಿಯುವುದು, ಬಣ್ಣ ಕೂಡಿಸುವುದು ಎಲ್ಲ ಸೇರಿಸಿ ಮುದ್ರಣ ವಿಭಾಗದವರು ಗಂಟೆಗೆ 40,000 ಎಂದು ಹಿಡಿದರೆ, ಅಚ್ಚಿಗೆ ಒಂದೂವರೆ ಗಂಟೆ. ಅಂದರೆ ಯಂತ್ರ 11.40ಕ್ಕೆ ತಿರುಗಲೇಬೇಕು. ಪ್ಲೇಟ್ (ಪುಟ ಮೂಡಿಸಿದ ಲೋಹದ ಹಾಳೆ) ಮಾಡಿ ಯಂತ್ರದ ಸಿಲಿಂಡರಿಗೆ ಹಾಕಲು ಅರ್ಧ ಗಂಟೆ ಬಿಡಿ: ಕೊನೆಯ ಪುಟ 11.10ಕ್ಕೆ ಹೋಗಿರಬೇಕು. ಪ್ರೂಫ್ ಓದಿ ತಿದ್ದಲು 20 ನಿಮಿಷ, ಪುಟ ಕಟ್ಟಲು ಅರ್ಧ ಗಂಟೆ ತೆಗೆದರೆ ನಿಮ್ಮ ಕೈಯಿಂದ ಕಾಪಿ (ಸುದ್ದಿಯ ಬರಹ) ಬಿಡಬೇಕಾದದ್ದು 10.20ಕ್ಕೆ. ಒಂಬತ್ತೂವರೆಗೆ ಮುಗಿದ ಸಭೆಯ ವರದಿ ನಿಮ್ಮ ಮೇಜಿಗೆ ಹತ್ತಕ್ಕೆ ಬಂದರೆ, ತಿದ್ದಲು ಇರುವುದು ಇಪ್ಪತ್ತೇ ನಿಮಿಷ. ನೀವು ಸೇರುವಲ್ಲಿ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ. ಮೊದಲ ವಾರದಲ್ಲೇ ಅಲ್ಲಿಯ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ.

ಎಲ್ಲ ಪುಟಗಳನ್ನೂ ಕೊನೆಯ ಗಳಿಗೆಗೆ ಬಿಟ್ಟರೆ ಏನಾಗುತ್ತದೆ ನೋಡಿ. ಬಣ್ಣದ ಪುಟವೊಂದಕ್ಕೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಅಲ್ಯೂಮಿನಿಯಂ ಪ್ಲೇಟ್ ಬೇಕು. 16 ಬಣ್ಣದ ಪುಟಗಳಿಗೆ 64. ಗಂಟೆಗೆ 120 ಪ್ಲೇಟ್ ಮಾಡುವ ಯಂತ್ರವಿದ್ದರೂ ಅಷ್ಟಕ್ಕೇ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಹಾಗಾಗಿ ಪುಟಗಳನ್ನು ಸರದಿಯಲ್ಲಿ ಬಿಡುತ್ತಾರೆ: ಸಂಪಾದಕೀಯ, ಪುರವಣಿ, ವಾಣಿಜ್ಯ ಮೊದಲು, ಕ್ರೀಡೆ ಮತ್ತು ಮುಖಪುಟ ಕೊನೆಗೆ. ಒಳಪುಟ ಸಿಕ್ಕ ಹೊಸಬರು ‘ಮುಖಪುಟವೇ ಇನ್ನೂ ಹೋಗಿಲ್ಲ, ನನ್ನದಕ್ಕೆ ಯಾಕೆ ಅವಸರ’ ಎಂದು ಕೂತುಬಿಡುತ್ತಾರೆ. ಅವಸರ ಇರುವುದೇ ಅದಕ್ಕೆ. ನಿಮ್ಮ ಪುಟ ಸರದಿ ತಪ್ಪಿದರೆ ಮುಖಪುಟದ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಪುಟಗಳ ಜೋಡಿಯೂ ಗೊತ್ತಿರಲಿ. 16 ಪುಟದ ಪತ್ರಿಕೆಯಲ್ಲಿ 1 ಮತ್ತು 16 ಒಂದೇ ಹಾಳೆಯ ಒಂದೇ ಮುಖ. ಅದರ ಬೆನ್ನಿಗೆ 2 ಮತ್ತು 15. ಜೋಡಿಯ ಮೊತ್ತ ಯಾವಾಗಲೂ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. ಕೆಲವೇ ಪುಟಗಳಿಗೆ ಬಣ್ಣ ಇರುವ ದಿನ ‘3ನೇ ಪುಟಕ್ಕೆ ಬಣ್ಣ ಕೊಟ್ಟರು, 4ಕ್ಕೆ ಯಾಕಿಲ್ಲ’ ಎಂಬ ಜಗಳಕ್ಕೆ ಉತ್ತರ ಇಲ್ಲಿರುತ್ತದೆ: ಬಣ್ಣ ಬರುವುದು 3ರ ಜೋಡಿಯಾದ 14ಕ್ಕೆ.

ಇನ್ನು ಕಾಪಿ. ಒಂದು ಸಾಮಾನ್ಯ ಅಪಘಾತದ ಸುದ್ದಿಯನ್ನೇ ಹತ್ತಿರದಿಂದ ನೋಡೋಣ. ಬಸ್ಸು ಲಾರಿ ಡಿಕ್ಕಿ, 320 ಪದ ಬಂದಿದೆ, ನಿಮಗಿರುವ ಜಾಗ 180 ಪದದ್ದು. ಕೆಳಗಿನಿಂದ ಕತ್ತರಿಸಿದರೆ ಆಯಿತು ಎಂದು ಪಾಠದಲ್ಲಿ ಹೇಳಿರುತ್ತಾರೆ. ಆದರೆ ವರದಿಗಾರರು ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದಿರುತ್ತಾರೆ. ಮನೆಯವರು ಹುಡುಕುವುದು ಅದನ್ನೇ. ಅದನ್ನು ಮೇಲೆ ತನ್ನಿ. ಸ್ಥಳಕ್ಕೆ ಯಾರು ಯಾರು ಭೇಟಿ ಕೊಟ್ಟರು ಎಂಬ ಪಟ್ಟಿಯನ್ನು ಮೊದಲು ಕತ್ತರಿಸಿ. ಆಮೇಲೆ ಎಣಿಸಿ: ಮೊದಲ ವಾಕ್ಯದಲ್ಲಿ ‘ಐವರು ಸಾವು’, ಹೆಸರುಗಳ ಪಟ್ಟಿಯಲ್ಲಿ ನಾಲ್ಕೇ ಇದ್ದರೆ ಒಬ್ಬರ ಗುರುತು ಸಿಕ್ಕಿಲ್ಲವೋ, ಹೆಸರು ಬಿಟ್ಟುಹೋಗಿದೆಯೋ ಎಂದು ಫೋನ್ ಮಾಡಿ ಕೇಳಬೇಕು. ಊಹಿಸಿ ಸರಿಪಡಿಸಬಾರದು. ‘ನಿನ್ನೆ’, ‘ಇಂದು’ ಪದಗಳನ್ನು ತೆಗೆದು ವಾರದ ಹೆಸರು ಹಾಕಿ; ಮಂಗಳವಾರ ರಾತ್ರಿ ಬರೆದದ್ದನ್ನು ಓದುವುದು ಬುಧವಾರ.

ನಿಜವಾದ ಪರೀಕ್ಷೆ ಮೊದಲ ಆವೃತ್ತಿ ಹೋದ ಮೇಲೆ ಬರುತ್ತದೆ. ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಯಲ್ಲಿ ಇನ್ನೊಬ್ಬರು ತೀರಿಕೊಂಡರು, ಸಂಖ್ಯೆ ಆರಾಯಿತು. ಸುದ್ದಿಯೊಳಗೆ ಬದಲಾಯಿಸುತ್ತೀರಿ. ಹೆಡ್ಡಿಂಗ್‌ನಲ್ಲಿ? ಫೋಟೊದ ಅಡಿಬರಹದಲ್ಲಿ? ಮುಖಪುಟದಲ್ಲಿ ‘ವಿವರ ಪುಟ 6’ ಎಂದು ಹಾಕಿದ ಚಿಕ್ಕ ಸೂಚನೆಯಲ್ಲಿ? ಗಾಯಾಳುಗಳ ಸಂಖ್ಯೆ ಒಂದು ಕಡಿಮೆಯಾಗಬೇಕಲ್ಲ, ಅದು? ಒಂದು ಸಾವು ಐದು ಕಡೆ ತಿದ್ದುಪಡಿ ಬೇಡುತ್ತದೆ. ಒಂದೇ ಪತ್ರಿಕೆಯ ಒಂದೇ ಪ್ರತಿಯಲ್ಲಿ ಮೂರು ಬೇರೆ ಬೇರೆ ಸಾವಿನ ಸಂಖ್ಯೆ ಅಚ್ಚಾಗುವುದು ಹೀಗೇ. ಇಂಥ ಸುದ್ದಿ ಕೈಗೆ ಬಂದ ಕೂಡಲೇ ಆ ಸಂಖ್ಯೆ ಎಲ್ಲೆಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ. ತಂತ್ರಾಂಶ ಎಷ್ಟೇ ಹೊಸದಾದರೂ ಚೀಟಿಯ ಕೆಲಸ ಚೀಟಿಯೇ ಮಾಡುತ್ತದೆ.

ಕನ್ನಡ ಡೆಸ್ಕ್‌ನಲ್ಲಿ ಅರ್ಧ ರಾತ್ರಿ ಅನುವಾದದಲ್ಲೇ ಕಳೆಯುತ್ತದೆ. ಏಜೆನ್ಸಿ, ಅಂದರೆ ಸುದ್ದಿಸಂಸ್ಥೆ, ಇಂಗ್ಲಿಷ್‌ನಲ್ಲಿ ಕಳಿಸುವ ಕಾಪಿಯ ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ, ಟ್ರಿಲಿಯನ್ ಎಂದರೆ ಲಕ್ಷ ಕೋಟಿ. 2.3 ಬಿಲಿಯನ್ ಅಂದರೆ 230 ಕೋಟಿ. ಗೊತ್ತಿಲ್ಲದವರಿಲ್ಲ, ಆದರೂ ಹನ್ನೊಂದು ಗಂಟೆಗೆ ಅದು 23 ಕೋಟಿ ಆಗಿಬಿಡುತ್ತದೆ. ಪರಿವರ್ತನೆಯ ಚೀಟಿಯೊಂದನ್ನು ಪರದೆಯ ಅಂಚಿಗೆ ಅಂಟಿಸಿಕೊಂಡವರನ್ನು ನೋಡಿ ನಗಬೇಡಿ, ನೀವೂ ಅಂಟಿಸಿಕೊಳ್ಳಿ. ಎರಡು ಅರ್ಥದ ಪದಗಳು ಇನ್ನೂ ಕೆಟ್ಟವು. ‘ಸ್ಯಾಂಕ್ಷನ್’ ಒಮ್ಮೆ ಮಂಜೂರಾತಿ, ಇನ್ನೊಮ್ಮೆ ನಿರ್ಬಂಧ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡಿದರು ಎಂದರೆ ಬ್ರಿಟಿಷರ ಬಳಕೆಯಲ್ಲಿ ಚರ್ಚೆಗೆ ಮಂಡಿಸಿದರು, ಅಮೆರಿಕನ್ನರ ಬಳಕೆಯಲ್ಲಿ ಚರ್ಚೆಯನ್ನು ಮುಂದಕ್ಕೆ ಹಾಕಿದರು. ಏಜೆನ್ಸಿಯಿಂದ ಹಿಂದಿನ ಸುದ್ದಿಯನ್ನು ‘ಕಿಲ್’ ಮಾಡಿ ಎಂಬ ಸೂಚನೆಯೂ ಬರುತ್ತದೆ. ಅಂದರೆ ಆ ಸುದ್ದಿಯನ್ನು ಪೂರ್ತಿ ಕೈಬಿಡಬೇಕು. ನೀವು ಅನುವಾದಿಸಿ ಮುಗಿಸಿ ಅರ್ಧ ಗಂಟೆಯಾದ ಮೇಲೆ ಅದು ಬಂದಿದ್ದರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಪುಟ ಬಿಡುವ ಮೊದಲು ಏಜೆನ್ಸಿಯಿಂದ ಬಂದ ಸುದ್ದಿಗಳ ಸಾಲನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ.

ಅಪರಾಧ ಸುದ್ದಿಯಲ್ಲಿ ಒಂದೊಂದು ಪದಕ್ಕೂ ತೂಕವಿದೆ. ತೀರ್ಪು ಬರುವವರೆಗೆ ‘ಆರೋಪಿ’, ದೋಷಿ ಎಂದು ಸಾಬೀತಾದ ಮೇಲೆ ‘ಅಪರಾಧಿ’. ‘ವಶಕ್ಕೆ ಪಡೆದರು’ ಎಂಬುದನ್ನು ‘ಬಂಧಿಸಿದರು’ ಎಂದು ಮಾಡುವುದು ಸಣ್ಣ ಬದಲಾವಣೆಯಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಹಾಕಬಾರದು ಎಂದು ಎಲ್ಲರಿಗೂ ಗೊತ್ತು. ಹೆಸರು ಬಿಟ್ಟು ತಂದೆಯ ಕಸುಬು, ಊರು, ಓದುವ ತರಗತಿ ಮೂರನ್ನೂ ಹಾಕಿದರೆ ಇಡೀ ಊರಿಗೆ ಗುರುತು ಸಿಕ್ಕಿತು. ಒಂದೊಂದು ವಿವರ ಬೇರೆಬೇರೆಯಾಗಿ ನಿರುಪದ್ರವಿ ಎನಿಸುತ್ತದೆ, ಕೂಡಿಸಿ ಓದಿ ನೋಡಿ.

ಹೆಡ್ಡಿಂಗ್ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಹೊಸಬರು ನಿಜವಾಗಿ ಒದ್ದಾಡುವುದು ಅಳತೆಯಲ್ಲಿ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎರಡು ಸಾಲಿನ ಹೆಡ್ಡಿಂಗ್‌ನಲ್ಲಿ ಜಾಗ ಉಳಿಸಲು ಸಾಲಿನ ಅಂತರ ಬಿಗಿ ಮಾಡಿದರೆ ಮೇಲಿನ ಸಾಲಿನ ‘ಸ್ತ್ರೀ’ ಕೆಳಗಿನ ಸಾಲಿನ ‘ಕೀ’ಗೆ ಗುದ್ದುತ್ತದೆ. ಅಂತರ ಬಿಗಿ ಮಾಡುವ ಬದಲು ಪದ ಬದಲಾಯಿಸಿ. ಅಕ್ಷರವನ್ನು ಅಡ್ಡಕ್ಕೆ ಹಿಂಡಿ ಜಾಗ ಮಾಡಿಕೊಳ್ಳುವುದು ಸೋಮಾರಿಗಳ ದಾರಿ, ಪುಟದಲ್ಲಿ ಅದು ಎದ್ದು ಕಾಣುತ್ತದೆ. ಸಾಲು ಎಲ್ಲಿ ಒಡೆಯುತ್ತದೆ ಎಂಬುದನ್ನೂ ಗಮನಿಸಬೇಕು: ‘ಶುಲ್ಕ ಏರಿಕೆ’ ಒಂದು ಸಾಲು, ‘ಇಲ್ಲ’ ಇನ್ನೊಂದು ಸಾಲು, ಎರಡರ ನಡುವೆ ಪತ್ರಿಕೆಯ ಮಡಿಕೆ ಬಂದರೆ ಅಂಗಡಿಯಲ್ಲಿ ನೇತು ಹಾಕಿದ ಪತ್ರಿಕೆ ತದ್ವಿರುದ್ಧ ಸುದ್ದಿ ಹೇಳುತ್ತದೆ. ಹೆಡ್ಡಿಂಗ್ ಹೊಳೆಯದಿದ್ದಾಗ ತಮಾಷೆಗೆ ಏನಾದರೂ ಟೈಪ್ ಮಾಡಿ ‘ಆಮೇಲೆ ಬದಲಾಯಿಸೋಣ’ ಎನ್ನುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆ ಆಮೇಲೆ ಎಂಬುದು ಬರದೇ ಹೋದ ರಾತ್ರಿಗಳಿವೆ. ಜಾಗ ಕಾಯ್ದಿಡಲು ಸೊನ್ನೆಗಳ ಸಾಲು ಹಾಕಿ, ಯಾರ ಕಣ್ಣಿಗಾದರೂ ಚುಚ್ಚುತ್ತದೆ.

ಪ್ರೂಫ್ ಬಂದಾಗ ಎಲ್ಲರೂ ಸಣ್ಣ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಓದುತ್ತಾರೆ. ತಪ್ಪು ಉಳಿಯುವುದು ದೊಡ್ಡ ಅಕ್ಷರದಲ್ಲಿ, ಮತ್ತು ಯಾರೂ ಓದದ ಪಟ್ಟಿಯಲ್ಲಿ: ದಿನಾಂಕ, ವಾರ, ಸಂಪುಟ, ಸಂಚಿಕೆ. ನಿನ್ನೆಯ ಪುಟವನ್ನೇ ನಕಲು ಮಾಡಿ ಇವತ್ತಿನದನ್ನು ಕಟ್ಟುವುದರಿಂದ ನಿನ್ನೆಯ ದಿನಾಂಕ ಹಾಗೇ ಉಳಿದುಬಿಡುತ್ತದೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ 1898ರ ಫೆಬ್ರುವರಿಯಲ್ಲಿ 14,499ನೇ ಸಂಚಿಕೆಯ ಮರುದಿನ ಯಾರೋ 15,000 ಎಂದು ಹಾಕಿದರು. ದಿನವೂ ಒಂದು ಕೂಡಿಸುತ್ತಾ ಹೋದರು. ಆ 500ರ ವ್ಯತ್ಯಾಸವನ್ನು ಸರಿಪಡಿಸಿದ್ದು 2000ದ ಜನವರಿ 1ರಂದು. ನೂರು ವರ್ಷಕ್ಕೂ ಹೆಚ್ಚು ಕಾಲ ಮುಖಪುಟದಲ್ಲೇ ಇದ್ದ ತಪ್ಪು ಅದು. ಪ್ರೂಫನ್ನು ಸಾಧ್ಯವಾದರೆ ಕಾಗದದ ಮೇಲೆ ತೆಗೆದು ಓದಿ, ಮೇಲಿನ ಪಟ್ಟಿಯಿಂದ ಶುರು ಮಾಡಿ. ‘ಪುಟ 6ಕ್ಕೆ’ ಎಂದಿದ್ದರೆ 6ನೇ ಪುಟಕ್ಕೆ ಹೋಗಿ ಆ ಮುಂದುವರಿದ ಭಾಗ ಅಲ್ಲಿದೆಯೇ ನೋಡಿ. ಪಕ್ಕದ ಜಾಹೀರಾತನ್ನೂ ನೋಡಿ. ವಿಮಾನ ದುರಂತದ ಪಕ್ಕದಲ್ಲಿ ಪ್ರವಾಸದ ಜಾಹೀರಾತು ಕೂತಿದ್ದರೆ ಅದು ಡೆಸ್ಕ್‌ನ ಕಣ್ತಪ್ಪೇ ಹೊರತು ಜಾಹೀರಾತು ವಿಭಾಗದ್ದಲ್ಲ. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಕಾಪಿಯಾದರೆ ಅರ್ಕಾವತ್ತು, ರಕ್ಕೆ ಯ ಒತ್ತು ಬರುವ ಪದಗಳು ಮತ್ತು ಅಂಕಿಗಳನ್ನು ಬೇರೆಯಾಗಿ ಹುಡುಕಿ ನೋಡಿ. ಕೆಡುವುದು ಹೆಚ್ಚಾಗಿ ಅವೇ.

ಮುದ್ರಣದ ಬಗ್ಗೆ ಸ್ವಲ್ಪವಾದರೂ ತಿಳಿದಿರುವ ಉಪಸಂಪಾದಕರಿಗೆ ದೊಡ್ಡ ಪತ್ರಿಕೆಯಲ್ಲಿ ಬೇರೆಯೇ ಗೌರವ. ನ್ಯೂಸ್‌ಪ್ರಿಂಟ್ ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುವ ತೆಳು ಕಾಗದ, ಶಾಯಿಯನ್ನು ಬ್ಲಾಟಿಂಗ್ ಪೇಪರಿನಂತೆ ಹೀರುತ್ತದೆ. ಫೋಟೊವನ್ನು ಮೂಡಿಸುವ ಶಾಯಿಯ ಚುಕ್ಕಿಗಳು ಹರಡಿ ಅದು ಪರದೆಯ ಮೇಲೆ ಕಂಡದ್ದಕ್ಕಿಂತ ಕಪ್ಪಾಗುತ್ತದೆ. ಹಾಗಾಗಿ ಪರದೆಯಲ್ಲಿ ತುಸು ಹೆಚ್ಚೇ ಬೆಳಕಾಗಿ ಕಾಣುವ ಮುಖ ಅಚ್ಚಿನಲ್ಲಿ ಸರಿ ಬರುತ್ತದೆ. ನಾಲ್ಕೂ ಬಣ್ಣ ಸೇರಿ (ಒಂದೊಂದಕ್ಕೂ ಗರಿಷ್ಠ ಶೇ 100) ಶಾಯಿಯ ಮೊತ್ತ ಶೇ 240 ಮೀರಿದರೆ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಫೋಟೊ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 200 ಪಿಕ್ಸೆಲ್ ಇರಲಿ: ಐದು ಇಂಚು ಅಗಲಕ್ಕೆ 1,000 ಪಿಕ್ಸೆಲ್. ವರದಿಗಾರರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ಬೇರೆ ಕಡೆಯಿಂದ ತಂದು ಅಂಟಿಸಿದ ಪಠ್ಯ ನಾಲ್ಕು ಬಣ್ಣದ ಕಪ್ಪಾಗಿ ಬಂದಿರುತ್ತದೆ. ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರಕ್ಕೂ ಕೆಂಪು ನೀಲಿ ನೆರಳು ಹುಟ್ಟುತ್ತದೆ.

ಈ ತಿಳಿವಳಿಕೆ ಕೆಲಸಕ್ಕೆ ಬರುವುದು ತಡರಾತ್ರಿಯ ಸುದ್ದಿಗೆ. ಯಂತ್ರ ತಿರುಗುತ್ತಿರುವಾಗ ದೊಡ್ಡ ಸುದ್ದಿ ಬಂತು. ಪುಟ ಬದಲಾಯಿಸಬೇಕೇ? ಬದಲಾಗುವುದು ಕಪ್ಪು ಅಕ್ಷರ ಮಾತ್ರ, ಫೋಟೊ ಹಾಗೇ ಇರುತ್ತದೆ ಎಂದರೆ ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕು. ಫೋಟೊವನ್ನೂ ಬದಲಾಯಿಸಿದರೆ ನಾಲ್ಕು ಪ್ಲೇಟ್, ಮತ್ತೆ ಬಣ್ಣ ಹೊಂದಿಸುವ ಕೆಲಸ, ಹೊಂದುವವರೆಗೆ ನೂರಾರು ಪ್ರತಿ ರದ್ದಿಗೆ. ಆದ್ದರಿಂದ ಅಂಥ ಹೊತ್ತಿನಲ್ಲಿ ಇರುವ ಸುದ್ದಿಯ ಜಾಗದಲ್ಲೇ ಅಷ್ಟೇ ಅಳತೆಯ ಹೊಸ ಸುದ್ದಿ ಕೂಡಿಸುವವರು ಬೇಕು. ಮುಖಪುಟದಲ್ಲಿ ಬೇಕಾದರೆ ಕಿತ್ತು ಹಾಕಬಹುದಾದ ಒಂದು ಸುದ್ದಿಯನ್ನು, ಫೋಟೊ ಇಲ್ಲದೆ, ಉದ್ದೇಶಪೂರ್ವಕವಾಗಿ ಇಟ್ಟುಕೊಳ್ಳುವ ಮುಖ್ಯ ಉಪಸಂಪಾದಕರಿರುತ್ತಾರೆ. ಅಂಥವರ ಪಕ್ಕದ ಕುರ್ಚಿ ಸಿಕ್ಕರೆ ಬಿಡಬೇಡಿ.

ಚುನಾವಣೆಯ ರಾತ್ರಿ ಇದೆಲ್ಲ ಒಟ್ಟಿಗೆ ಬರುತ್ತದೆ. 1948ರ ನವೆಂಬರ್ 3ರ ಷಿಕಾಗೊ ಡೈಲಿ ಟ್ರಿಬ್ಯೂನ್ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ‘ಡ್ಯೂಯಿ ಟ್ರೂಮನ್‌ರನ್ನು ಸೋಲಿಸಿದರು’ ಎಂದು ಅಚ್ಚು ಹಾಕಿದ್ದು, ಗೆದ್ದ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿ ಹಿಡಿದು ನಕ್ಕದ್ದು ಪತ್ರಿಕೋದ್ಯಮ ಓದಿದವರಿಗೆಲ್ಲ ಗೊತ್ತು. ಅದರ ಹಿಂದಿನ ಕಾರಣ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ: ಮುದ್ರಣ ಕೆಲಸಗಾರರ ಮುಷ್ಕರದಿಂದಾಗಿ ಆ ದಿನಗಳಲ್ಲಿ ಪುಟಗಳನ್ನು ಎಂದಿಗಿಂತ ಹಲವು ಗಂಟೆ ಮುಂಚೆ ಮುಗಿಸಬೇಕಿತ್ತು. ಎಣಿಕೆ ನಡೆದೇ ಇತ್ತು, ಗಡಿಯಾರ ಕಾಯಲಿಲ್ಲ. ಮೊದಲ ಆವೃತ್ತಿಯ ಹೆಡ್ಡಿಂಗ್ ಬರೆಯುವಾಗ ‘ಗೆಲುವು’ ಬಿಟ್ಟು ‘ಮುನ್ನಡೆ’ ಎನ್ನಿ. ‘ರಾತ್ರಿ 11ರ ವೇಳೆಗೆ’ ಎಂದು ಹೊತ್ತನ್ನೂ ಸೇರಿಸಿ. ಸಪ್ಪೆಯಾಗುತ್ತದೆ, ಆಗಲಿ.

ಜಾಗ ನಿಮ್ಮದಲ್ಲ ಎಂಬುದನ್ನು ಅರಗಿಸಿಕೊಳ್ಳಲು ಕೆಲವರಿಗೆ ತಿಂಗಳುಗಳು ಬೇಕಾಗುತ್ತವೆ. ಸಂಜೆ ನಿಮ್ಮ ಕೈಗೆ ಬರುವ ಡಮ್ಮಿಯಲ್ಲಿ (ಪುಟದ ನಕ್ಷೆ) ಜಾಹೀರಾತುಗಳು ಮೊದಲೇ ಕೂತಿರುತ್ತವೆ, ಉಳಿದದ್ದು ಸುದ್ದಿಗೆ. ಒಂಬತ್ತು ಗಂಟೆಗೆ ಮೂರು ಕಾಲಂ, ಹತ್ತು ಸೆಂಟಿಮೀಟರ್ ಎತ್ತರದ ಜಾಹೀರಾತು ಬಂದರೆ ನೀವು ಮುದ್ದಾಗಿ ಕೂಡಿಸಿದ ಸುದ್ದಿ ಹೊರಗೆ. ಬೇಸರ ಮಾಡಿಕೊಂಡು ಪ್ರಯೋಜನವಿಲ್ಲ, ಆದರೆ ಯಾವ ಸುದ್ದಿ ಮೊದಲು ಹೋಗಬೇಕು ಎಂಬುದನ್ನು ಪುಟ ಕಟ್ಟುವಾಗಲೇ ಯೋಚಿಸಿಟ್ಟುಕೊಳ್ಳಿ. ಜಾಲತಾಣದ ವಿಭಾಗ ಅದೇ ಸುದ್ದಿಯನ್ನು ಸಂಜೆಯೇ ಹಾಕಿರುತ್ತದೆ. ನೀವು ಮುದ್ರಣಕ್ಕೆ ತಿದ್ದಿದ ಹೆಸರು, ಸಂಖ್ಯೆ ಅಲ್ಲಿಗೂ ಹೋಗುವಂತೆ ನೋಡಿಕೊಳ್ಳುವುದು ಯಾರ ಕೆಲಸ ಎಂದು ಹೆಚ್ಚಿನ ಕಡೆ ಸ್ಪಷ್ಟವಾಗಿ ಹೇಳಿರುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ಬದುಕಿನ ಮಾತು. ಡೆಸ್ಕ್‌ನವರ ಹೆಸರು ಪುಟದಲ್ಲಿ ಬರುವುದಿಲ್ಲ. ವರದಿಗಾರರ ಕಾಪಿಯನ್ನು ಪೂರ್ತಿ ಹೊಸದಾಗಿ ಬರೆದುಕೊಟ್ಟರೂ ಬೈಲೈನ್ (ಸುದ್ದಿಯ ಜತೆ ಬರುವ ಹೆಸರು) ಅವರದೇ; ಅದರಲ್ಲಿ ತಪ್ಪು ಸೇರಿಸಿದರೆ ಮಾತ್ರ ನಿಮ್ಮ ಹೆಸರು ಬೆಳಗಿನ ಸಭೆಯಲ್ಲಿ ಕೇಳಿಬರುತ್ತದೆ. ನಿಮ್ಮ ಬರಹಕ್ಕೆ ಹೆಸರು ಬೇಕೆಂಬ ಆಸೆ ಬಲವಾಗಿದ್ದರೆ ಈ ಕೆಲಸ ಎರಡೇ ವರ್ಷದಲ್ಲಿ ಕಹಿಯಾಗುತ್ತದೆ, ವರದಿಗಾರಿಕೆಯ ಕಡೆಗೇ ಪ್ರಯತ್ನಿಸಿ. ವಾರದ ರಜೆ ಭಾನುವಾರ ಸಿಗದು. ಪಾಳಿ ಸಂಜೆ ಐದರಿಂದ ರಾತ್ರಿ ಒಂದೋ ಎರಡೋ ಗಂಟೆಯವರೆಗೆ ಇದ್ದರೆ, ಮನೆಗೆ ಹೋದ ಕೂಡಲೇ ನಿದ್ದೆ ಬರುವುದಿಲ್ಲ. ತಲೆಯೊಳಗೆ ಹೆಡ್ಡಿಂಗ್‌ಗಳು ಓಡುತ್ತಿರುತ್ತವೆ. ಎದ್ದ ಕೂಡಲೇ ಪತ್ರಿಕೆ ತೆರೆಯುವಾಗಿನ ಅಳುಕು ಹಳಬರಿಗೂ ಹೋಗಿರುವುದಿಲ್ಲ. ಮಲಗುವ ಹೊತ್ತನ್ನು ರಜೆಯ ದಿನವೂ ಹೆಚ್ಚು ಬದಲಾಯಿಸದಿದ್ದರೆ ದೇಹ ಬೇಗ ಒಗ್ಗುತ್ತದೆ.

ಒಪ್ಪಿಕೊಳ್ಳುವ ಮೊದಲು ಸಂಬಳದ ಜತೆಗೆ ಇವನ್ನೂ ಕೇಳಿ. ರಾತ್ರಿಗೆ ಒಬ್ಬರ ಪಾಲಿಗೆ ಎಷ್ಟು ಪುಟ? ಒಂದು ಅಥವಾ ಎರಡು ಎಂದರೆ ನಿಭಾಯಿಸಬಹುದು, ನಾಲ್ಕು ಎಂದರೆ ನೀವು ಓದುವುದಿಲ್ಲ, ತುಂಬಿಸುತ್ತೀರಿ. ಪುಟಗಳನ್ನು ನೀವೇ ಕಟ್ಟಬೇಕೇ, ಬೇರೆ ವಿನ್ಯಾಸಕಾರರಿದ್ದಾರೆಯೇ? ಪ್ರೂಫ್ ಓದಲು ಪ್ರತ್ಯೇಕ ಜನ ಇದ್ದಾರೆಯೇ? ಪುಟ ಬಿಡುವ ಸಹಿ ಯಾರದು? ಭಾಷೆಯ ಕೈಪಿಡಿ ಇದೆಯೇ? ‘ಇದೆ, ಆದರೆ ಎಲ್ಲರ ತಲೆಯಲ್ಲಿದೆ’ ಎಂಬ ಉತ್ತರ ಬಂದರೆ ಹಿಂದಿನ ಒಂದು ತಿಂಗಳ ಪತ್ರಿಕೆ ತೆಗೆದುಕೊಂಡು ಕೂತು, ಅವರು ಹೆಸರು, ಹುದ್ದೆ, ಅಂಕಿ, ದಿನಾಂಕ, ವಿದೇಶಿ ಊರುಗಳನ್ನು ಹೇಗೆ ಬರೆಯುತ್ತಾರೆ ಎಂದು ನೀವೇ ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಕೊನೆಯದಾಗಿ, ಪಾಳಿ ಮುಗಿದ ಮೇಲೆ ಮನೆಗೆ ಬಿಡಲು ವಾಹನ ಇದೆಯೇ, ಅದು ಎಷ್ಟು ಗಂಟೆಗೆ ಹೊರಡುತ್ತದೆ ಎಂದೂ ಕೇಳಿ. ಕೆಲವು ಕಡೆ ವಾಹನ ಒಂದು ಗಂಟೆಗೆ ಹೊರಟುಬಿಡುತ್ತದೆ, ಕೊನೆಯ ಆವೃತ್ತಿ ಮುಗಿಯುವುದು ಒಂದೂವರೆಗೆ.